ಯಂಕವ್ವನ ಹಲ್ಲು, ಡಾ. ಗುದ್ಲೆಪ್ಪನವರ ಅಳತೆ

ಹಲ್ಲು ಕೀಳುವವರನ್ನೆಲ್ಲ ಹಲ್ಲಿನ ಡಾಕ್ಟರೆಂದು ಕರೆಯುತ್ತಿದ್ದ ಕಾಲದಲ್ಲಿ, ಇದ್ದ ಹಲ್ಲು ಎಷ್ಟು ಸವೆಯಿತೆಂದು ವರ್ಷವರ್ಷವೂ ಅಳೆದು ನೋಡಿದವರು ನಮ್ಮ ಭಾಗದಲ್ಲಿ ಡಾ. ಗುದ್ಲೆಪ್ಪನವರೊಬ್ಬರೇ. ೧೯೫೨ರಲ್ಲಿ ಇತ್ತ ವರ್ಗವಾಗಿ ಬಂದು, ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳನ್ನು ಸರದಿಯಂತೆ ಸುತ್ತಿ, ಈ ೧೯೬೮ರಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಸಿಟ್ಟು ಬರುತ್ತಿದ್ದುದು ಒಂದಕ್ಕೇ, ಅಂದಾಜಿಗೆ.

ಸವಣೂರಿನ ಯಂಕವ್ವ ಅವರಲ್ಲಿಗೆ ಬಂದದ್ದು ೧೯೫೬ರಲ್ಲಿ. ಚಳಿಗಾಲದ ನಸುಕಿನಲ್ಲಿ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಹಿಂಡಿ, ಹೊಟ್ಟೆನೋವಿಗೆ ಔಷಧವೆಂದು ಕೊಡುವುದು ಆಕೆಯ ಕಸುಬು. ಬಾಯಲ್ಲಿ ಹಿಡಿದು ರುಚಿ ನೋಡದೆ ಒಂದು ಸೀಸೆಯನ್ನೂ ಕೊಡುವವಳಲ್ಲ. ಮುಂದಿನ ಹಲ್ಲುಗಳು ತೆಳ್ಳಗಾಗಿದ್ದವು. ಡಾಕ್ಟರು ತುದಿಯಿಂದ ವಸಡಿನವರೆಗೆ ಅಳೆದಿಟ್ಟುಕೊಂಡರು. ಮರುವರ್ಷ ಅಳೆದರೆ, ಹಲ್ಲು ಉದ್ದವಾಗಿತ್ತು! ಸಂತೋಷ ತಡೆಯಲಾರದೆ, "ಸವದಿಲ್ಲವ್ವಾ, ನಿನ್ನ ಹುಳಿ ರುಚಿ ನೀ ನೋಡ್ಕೋಂತ ಇರು," ಎಂದುಬಿಟ್ಟರು.

ಸುದ್ದಿ ಹಿರೇಕೆರೂರಿನ ಸಂತೆಯವರೆಗೂ ಹಬ್ಬಿತು. ಹಲ್ಲು ಬೆಳೆಸುವ ಡಾಕ್ಟರನ್ನು ಕಾಣಲು ಬೊಚ್ಚುಬಾಯಿಯವರೂ ಬಸ್ಸು ಹತ್ತಿ ಬಂದರು.

ಮುಂದಿನ ಬೇಸಿಗೆಗೆ ಯಂಕವ್ವ ದವಡೆ ಹಿಡಿದುಕೊಂಡು ಬಂದಳು. ತಣ್ಣೀರು ಸೋಕಿದರೆ ಜೀವ ಹೋಗುತ್ತಿತ್ತು. ಬಾಯಿ ನೋಡಿದ ಡಾಕ್ಟರ ಮುಖ ಇಳಿಯಿತು. ತುದಿ ಸವೆಯುತ್ತಲೇ ಇತ್ತು. ವಸಡು ಅದಕ್ಕಿಂತ ಹೆಚ್ಚು ಹಿಂದೆ ಸರಿದು ಬೇರು ಹೊರಬಿದ್ದದ್ದರಿಂದ ಅಳತೆ ಉದ್ದ ಬಂದಿತ್ತು. ಅವರ ಮಾತು ನಂಬಿ ಆಕೆ ಇನ್ನೊಂದು ಹಂಗಾಮು ಹುಳಿಯನ್ನು ಬಾಯಲ್ಲಿ ಹಿಡಿದಿದ್ದಳು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಹೊರಗೆ ಕಾದಿದ್ದ ಮಂದಿಯನ್ನೆಲ್ಲ ಒಳಗೆ ಕರೆದು ಹೇಳಿದರು: "ಹಲ್ಲು ಬೆಳದಿಲ್ಲರಿ. ನನ್ನ ಅಳತೀನ ತಪ್ಪಿತ್ತು. ಯಂಕವ್ವಾ, ಇನ್ನ ಹುಳಿ ಬಾಯಾಗ ಹಾಕಬ್ಯಾಡ."

"ರುಚಿ ನೋಡದ ಹೆಂಗ ಕೊಡ್ಲಿರಿ, ಸಾಹೇಬ್ರ? ನನ್ನ ನಂಬಿ ಕುಡೀತಾರ ಮಂದಿ."

"ನಾ ನೋಡ್ತೇನಿ."

ಆಡಿದಂತೆಯೇ ನಡೆದರು. ಸವಣೂರಿನ ಸರದಿ ಬಂದಾಗಲೆಲ್ಲ ಆಕೆಯ ಸೀಸೆಗಳನ್ನು ಸಾಲಾಗಿಟ್ಟು, ಮುಖ ಸಿಂಡರಿಸುತ್ತ ಒಂದೊಂದನ್ನೂ ಬಾಯಲ್ಲಿ ಹಿಡಿದರು. ಅಳತೆಗೆ ಮಾತ್ರ ವಸಡನ್ನು ನಂಬುವುದನ್ನು ಬಿಟ್ಟು, ಮೇಣದಲ್ಲಿ ಹಲ್ಲಿನ ಅಚ್ಚು ತೆಗೆದು, ಈ ವರ್ಷದ್ದನ್ನು ಹೋದ ವರ್ಷದ್ದಕ್ಕೆ ಹೋಲಿಸತೊಡಗಿದರು. ಯಂಕವ್ವನ ಹಲ್ಲು ಮುಂದೆ ಸವೆಯಲಿಲ್ಲ.

ಕೆಲವು ಚಳಿಗಾಲಗಳು ಹೀಗೇ ಕಳೆದವು. ಒಂದು ವರ್ಷ ಆಕೆ ಸೀಸೆಗಳಿಲ್ಲದೆ ಬಂದಳು. ಕುರ್ಚಿಯ ಪಕ್ಕಕ್ಕೆ ನಿಂತು, "ಈ ಸಲ ನೀವ ಕುಂದರ್ರಿ. ಬಾಯಿ ತಗೀರಿ," ಎಂದಳು. ಡಾಕ್ಟರು ನಗುತ್ತಲೇ ಕುಳಿತರು. ಅವರ ಮುಂದಿನ ಹಲ್ಲುಗಳ ಅಂಚು ಆಕೆಯದರಂತೆಯೇ ತೆಳ್ಳಗಾಗುತ್ತಿತ್ತು.

"ಸಾಕ್ರಿ ನಮ್ಮಪ್ಪಾ. ಈ ಕಸಬು ನಾ ಬಿಟ್ಟೆ," ಎಂದು ಯಂಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸವೆದ ಆ ಅಂಚು ಗುದ್ಲೆಪ್ಪನವರು ನಕ್ಕಾಗ ಈಗಲೂ ಕಾಣುತ್ತದೆ. ನಿವೃತ್ತಿಯಲ್ಲೂ ಅವರ ಅಳತೆ ನಡೆದಿರಲಿ, ಆ ನಗೆಯನ್ನು ಬಹುಕಾಲ ಕಾಣುವ ಭಾಗ್ಯ ಈ ನಾಲ್ಕೂ ತಾಲೂಕುಗಳಿಗಿರಲಿ.