ಅವ್ವ ತಿಕ್ಕಿದ ದುರ್ಬೀನಿನ ಕನ್ನಡಿ

ನಿಜಾಮರ ಕಾಲ. ಒಂದು ದಿನ ಯಲಬುರ್ಗಿಯ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಮನೆಗೆ ಬಂದರೆ, ಅವ್ವ ಅಂಗಳದಲ್ಲಿ ಕೂತು ಚಂದ್ರ, ಚುಕ್ಕಿ ನೋಡುವ ನನ್ನ ದುರ್ಬೀನಿನ ಕನ್ನಡಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು! ವರ್ಷಗಟ್ಟಲೆ ಗಾಜು ಉಜ್ಜಿ ನಾನೇ ಮಾಡಿದ ಕನ್ನಡಿ. ಒಂದು ಗೀರು ಬಿದ್ದರೂ ಹಾಳು!

"ದೇವರ ಬೆಳ್ಳಿ ಬಟ್ಟಲದಂಗ ಕರ್ರಗ ಆಗಿತ್ತೋ ತಮ್ಮಾ. ಹಿಂದ ಅರಗು ಹಚ್ಚಿ ಕಟಗಿ ಕೂಡ್ರಿಸೀಯಲ್ಲ, ಅದಕ್ಕ ಬಿಸಿನೀರು ಹಾಕಲಿಲ್ಲ," ಎಂದಳು. ಅರಗು ತುಂಬಿದ ಒಡವೆಯನ್ನೂ ಅರಗು ಬಿಸಿಗೆ ಕರಗೀತೆಂದು ಅವಳು ತಣ್ಣೀರಲ್ಲೇ ತೊಳೆಯುತ್ತಿದ್ದಳು.

ಕನ್ನಡಿಯನ್ನು ಕಸಿದುಕೊಂಡು ನೋಡಿದೆ. ಬೆನ್ನಿಗೆ ಅಂಟಿಸಿದ್ದ ಮೂರು ಕಟ್ಟಿಗೆ ಆಸರೆಗಳೂ ಭದ್ರವಾಗಿದ್ದವು. ಗಾಜಿಗೆ ಒಂದು ಗೀರೂ ಇರಲಿಲ್ಲ. ಮುಖದ ಮೇಲಿದ್ದ ಕಪ್ಪಾದ ಬೆಳ್ಳಿ ಲೇಪ ಮಾತ್ರ ಪೂರ್ತಿ ಹೋಗಿತ್ತು. ಹೊಸ ಲೇಪ ಕೊಡುವ ಮೊದಲು ನಾನು ತೆಗೆಯಬೇಕಿದ್ದದ್ದೂ ಅದನ್ನೇ! ಮರುದಿನ ಆ ಆಸರೆಗಳನ್ನೇ ಹಿಡಿದು, ಹೈದರಾಬಾದಿನಿಂದ ತರಿಸಿದ್ದ ಬೆಳ್ಳಿಯ ದ್ರಾವಣಕ್ಕೆ ಕನ್ನಡಿಯನ್ನು ಮುಖ ಕೆಳಗೆ ಮಾಡಿ ಇಳಿಸಿದೆ. ಮೇಲೆತ್ತಿದಾಗ ಫಳಫಳ ಹೊಳೆಯುತ್ತಿತ್ತು.

ಸಂಜೆ ಅವ್ವನಿಗೆ ದುರ್ಬೀನಿನಲ್ಲಿ ಚಂದ್ರನನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇದೂ ಅಲ್ಲಲ್ಲಿ ಕರ್ರಗ ಆಗೇತಲ್ಲೋ. ಕೈಗೆ ಸಿಕ್ಕಿದ್ರ ತಿಕ್ಕತಿದ್ದೆ."

ಆಮೇಲೆ ಎಷ್ಟೋ ಸಲ ಚಂದ್ರನನ್ನು ನೋಡಿದ್ದೇನೆ. ಆ ಕಲೆಗಳು ಕಂಡಾಗಲೆಲ್ಲ ವಿಭೂತಿ ಮೆತ್ತಿದ ಅವ್ವನ ಬೆರಳುಗಳೂ ಕಾಣುತ್ತವೆ.