ಗಬ್ಬೂರಿನ ಚಾವಣಿಯಲ್ಲಿ ಬೆನ್ನು ತಿರುಗಿಸಿದವಳು

ಯಾವ ಗುಡಿಗೆ ಹೋದರೂ ಅಪ್ಪ ಮೊದಲು ದೇವರಿಗೆ ಕೈ ಮುಗಿಯುತ್ತಿರಲಿಲ್ಲ, ಕತ್ತೆತ್ತಿ ಚಾವಣಿ ನೋಡುತ್ತಿದ್ದ. ಬಾದಾಮಿ, ಹಂಪಿ, ಆಲಂಪುರ, ಎಲ್ಲ ಕಡೆ ಇದೇ ಕಥೆ. ಅವ್ವನಿಗೆ ನಾಲ್ಕು ಜನರೆದುರು ನಾಚಿಕೆ. "ದ್ಯಾವ್ರು ಕೆಳಗ ಕುಂತಾನ, ಇವ್ರ ಕಣ್ಣು ಮ್ಯಾಲದಾವ" ಎಂದು ಗೊಣಗುತ್ತಿದ್ದಳು.

ಅಪ್ಪ ಹುಡುಕುತ್ತಿದ್ದದ್ದು ಒಬ್ಬ ಹೆಂಗಸನ್ನು. ನಿಜಾಮರ ಕಾಲದಲ್ಲಿ, ಅವನು ಚಿಕ್ಕವನಿದ್ದಾಗ, ದೇವದುರ್ಗದಿಂದ ರಾಯಚೂರಿಗೆ ಮನೆಮಂದಿಯೆಲ್ಲ ಚಕ್ಕಡಿಯಲ್ಲಿ ಬರುತ್ತಿದ್ದರಂತೆ. ಗಬ್ಬೂರಿನ ಹತ್ತಿರ ಮಳೆ ಹಿಡಿದು, ಊರ ಹೊರಗಿನ ಒಂದು ಹಾಳುಗುಡಿಯಲ್ಲಿ ಮಧ್ಯಾಹ್ನವೆಲ್ಲ ಮಲಗಿದ್ದರಂತೆ. ಆ ಗುಡಿಯ ಚಾವಣಿಯಲ್ಲಿ ಹೆಂಗಸರು ಸುತ್ತುಗಟ್ಟಿ ಕುಣಿಯುವ ಕೆತ್ತನೆ. ಎಲ್ಲರ ಮುಖವೂ ನೋಡುವವರ ಕಡೆಗೆ, ಒಬ್ಬಳದು ಮಾತ್ರ ಬೆನ್ನು. ಯಾಕೆ ಬೆನ್ನು? ಶಿಲ್ಪಿಯ ಕೈಯಲ್ಲಿ ಮೂಗು ಕೆಟ್ಟಿತೇ? ಅವಳಿಗೆ ಕುಣಿದು ಬೇಸರವಾಯಿತೇ? ಬೇರೆ ಕಡೆ ಅಂಥವಳು ಸಿಕ್ಕರೆ ಉತ್ತರವೂ ಸಿಕ್ಕೀತೆಂದು ಅಪ್ಪನ ಆಸೆ. ಎಲ್ಲೂ ಸಿಗಲಿಲ್ಲ. ಗಬ್ಬೂರಿಗೆ ಮಾತ್ರ ಅವನು ಮತ್ತೆ ಹೋಗಿರಲಿಲ್ಲ. ರಾಯಚೂರಿನ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ದೂರದ ಊರಿಗೆಂದರೆ ರಜೆ ಕೇಳುತ್ತಿದ್ದ. ಪಕ್ಕದೂರಿಗೆ ಯಾವಾಗ ಬೇಕಾದರೂ ಹೋಗಬಹುದಲ್ಲ!

ಮಾನ್ವಿಯಲ್ಲಿದ್ದ ನನ್ನ ಸೋದರಮಾವನಿಗೆ ಇದೊಂದು ತಮಾಷೆ. ನೀರಮಾನ್ವಿಯ ಎಲ್ಲಮ್ಮನಿಗೆ ಹೋದಾಗಲೆಲ್ಲ ಅವನ ಮನೆಯಲ್ಲೇ ನಮ್ಮ ಊಟ. ಅಪ್ಪ ತುತ್ತು ಎತ್ತುವುದೇ ತಡ, "ಏನ್ರೀ, ನಿಮ್ಮ ಬೆನ್ನಿನಾಕಿ ಸಿಕ್ಕಳೇನು? ಮಳಿಯಾಗ ನಿದ್ದಿ ಹತ್ತಿ ಕನಸು ಬಿದ್ದಿರಬೇಕು ಬಿಡ್ರಿ" ಎನ್ನುತ್ತಿದ್ದ. ಅಪ್ಪ ಮುಖ ಊದಿಸಿಕೊಂಡು ಉಣ್ಣುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಡಾಕ್ಟರು ಆಪರೇಷನ್ ಆಗಲೇಬೇಕೆಂದರು, ದೃಷ್ಟಿ ಎಷ್ಟು ಉಳಿದೀತೋ ಹೇಳಲಾಗದು ಎಂದೂ ಅಂದರು. ಆ ಸಂಜೆ ಅಪ್ಪ ನನ್ನನ್ನು ಕರೆದ.

"ಯವ್ವಾ, ಗಬ್ಬೂರಿಗೆ ಹೋಗೂಣೇನು? ಈಗ ನೋಡಲಿಲ್ಲಂದ್ರ, ಆಕಿ ಖರೇನ ಅದಾಳೋ, ನಾನ ಹುಟ್ಟಿಸ್ಕೊಂಡೀನೋ, ಕಡೀತನಕ ಗೊತ್ತಾಗಂಗಿಲ್ಲ."

ಬಿ.ಎ. ಮುಗಿಸಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಹುಡುಗಿ ನಾನು, ನನಗೂ ಅವಳನ್ನು ನೋಡುವ ಹುಚ್ಚು ಹತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆವು. ಕಲ್ಮಲ ದಾಟುವವರೆಗೂ ಅಪ್ಪ ಕಿಟಕಿಯ ಸೀಟಿಗಾಗಿ ಕಂಡಕ್ಟರನ ತಲೆ ತಿಂದ. ಹೊರಗೆ ಕಾಣುವುದೇನೂ ಇರಲಿಲ್ಲ ಅವನಿಗೆ, ಎಲ್ಲ ಮಂಜು ಮಂಜು.

ಗುಡಿ ಸಿಕ್ಕಿತು. ಆದರೆ ಒಳಗಿನಿಂದ ಹೊಗೆ ಬರುತ್ತಿತ್ತು, ಅಂಗಳದಲ್ಲಿ ಕುರಿ ಕಟ್ಟಿದ್ದರು. ಬಾಗಿಲಿಗೆ ಕೌದಿ ಇಳಿಬಿಟ್ಟು ಬೇವಿನ ಟೊಂಗೆ ಸಿಕ್ಕಿಸಿದ್ದರು. ಒಬ್ಬ ಮುದುಕಿ ಎದ್ದು ಬಂದಳು.

"ಇಲ್ಲಿ ದ್ಯಾವ್ರಿಲ್ರೀ ಯಪ್ಪಾ. ನಾವದೀವಿ."

ಬಂದ ಕಾರಣ ಹೇಳಿದೆ. ಅವಳು ತಲೆಯಾಡಿಸಿದಳು. "ಮಗಳು ಬಾಣಂತಿ ಅದಾಳ. ಗಂಡಸ್ರು ಒಳಗ ಬರಂಗಿಲ್ರೀ."

ಕಂಡಕ್ಟರನ ಜೊತೆ ಅಷ್ಟು ಜಗಳವಾಡಿದ ಅಪ್ಪ ಇಲ್ಲಿ ವಾದಕ್ಕೆ ಇಳಿಯಲಿಲ್ಲ. "ನೀ ಹೋಗವ್ವಾ" ಎಂದಷ್ಟೇ ಹೇಳಿ ಬಾಗಿಲಿಗೆ ಬೆನ್ನು ಮಾಡಿ ನಿಂತ.

ಮುದುಕಿ ಕೊಟ್ಟ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋದೆ. ಹೊರಸಿನ ಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡ ಹುಡುಗಿ, ಮಗ್ಗುಲಲ್ಲಿ ಕೂಸು, ಕೆಳಗೆ ಕೆಂಡ, ಓಮದ ಘಾಟು. ಮೇಲೆ ನೋಡಿದರೆ ಬರೀ ಮಸಿ. ಮಾವನೇ ಗೆದ್ದ ಅಂದುಕೊಂಡೆ.

"ನಿಂತರ ಕಾಣಂಗಿಲ್ರೀ ಅಕ್ಕಾ, ಮಕ್ಕೊಂಡು ನೋಡ್ಬೇಕು. ಬಿಸಲೂ ಬೇಕು" ಎಂದು ಬಾಣಂತಿ ನಕ್ಕಳು.

ಕೌದಿ ಸರಿಸಲು ಮುದುಕಿ ಒಪ್ಪಲಿಲ್ಲ, ಮಗಳಿಗೆ ಗಾಳಿ ಬಡಿಯುತ್ತದೆಂದು. ಕೊನೆಗೆ ಮೇಲ್ಗಡೆ ಒಂದು ಗೇಣು ಮಾತ್ರ ಇಳಿಸಿದಳು. ಮೇಲೆ ಬಿಸಿಲು ಬೇಕೆಂದು ನಾನು ಕೂಗಿದ್ದನ್ನು ಕೇಳಿ ಅಪ್ಪ ಮುದುಕಿಯಿಂದಲೇ ಉಣ್ಣುವ ಒಂದು ಹಿತ್ತಾಳೆಯ ಗಂಗಾಳ ಇಸಿದುಕೊಂಡ. ಆಗಲೂ ಅವನು ಈ ಕಡೆ ತಿರುಗಲಿಲ್ಲ. ಸೂರ್ಯನಿಗೆ ಮುಖ ಕೊಟ್ಟು, ಗಂಗಾಳವನ್ನು ತಲೆಯ ಮೇಲೆ ಎತ್ತಿ ಹಿಡಿದು ಬಿಸಿಲನ್ನು ಒಳಗೆ ಕಳಿಸಿದ. ನಾನು ಕಂಬಳಿಯ ಮೇಲೆ ಅಂಗಾತ ಮಲಗಿ, "ಎಡಕ್ಕ ಅಪ್ಪಾ, ಇನ್ನಾ ಸ್ವಲ್ಪ ಎಡಕ್ಕ" ಎಂದು ಹೇಳುತ್ತಾ ಹೋದೆ.

ಮಸಿಯ ನಡುವೆ ಮದ್ದಳೆಯವಳು ಕಂಡಳು. ತಾಳದವಳು, ಕೊಳಲಿನವಳು. ಆಮೇಲೆ ಒಂದು ಜಡೆ, ಸೊಂಟದವರೆಗೆ ಇಳಿದದ್ದು.

"ಅದಾಳಪ್ಪಾ! ಖರೇನ ಅದಾಳ!"

ಬೆಳಕು ಗಡಗಡ ನಡುಗಿತು. ಚಾವಣಿಯ ಹೆಂಗಸರೆಲ್ಲ ಒಮ್ಮೆ ಕುಣಿದಂತಾಯಿತು. ಹೊರಗಿನಿಂದ ಅಪ್ಪ ಕೂಗಿದ. "ಯಾಕ ಆ ಕಡಿ ಹೊಳ್ಯಾಳ, ನೋಡವ್ವಾ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ, ತಿಳಿಯಲಿಲ್ಲ. ಉತ್ತರ ಬಂದದ್ದು ಹೊರಸಿನಿಂದ.

"ಕೂಸಿಗಿ ಮೊಲಿ ಕೊಡಾಕತ್ತಾಳ್ರೀ. ಆಕಿ ಮೊಣಕೈ ಕೆಳಗ ನೋಡ್ರಿ, ಸಣ್ಣ ಪಾದ ಅದ. ನಾ ದಿನಾ ನೋಡ್ತೀನಲ್ರೀ."

ಹೌದು, ಇತ್ತು. ಹುಣಸೆ ಬೀಜದಷ್ಟು ಪಾದ, ಮೊಣಕೈಯ ಕೆಳಗಿಂದ ಹೊರಗೆ ಚಾಚಿತ್ತು. ಅದನ್ನು ಕೂಗಿ ಹೇಳಿದೆ. ಬೆಳಕು ಪಟ್ಟನೆ ಹೋಯಿತು. ಹೊರಗೆ ಬಂದು ನೋಡಿದರೆ ಅಪ್ಪ ಗಂಗಾಳವನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ.

ಬಸ್ಸಿಗೆ ಕಾಯುವಾಗ ತಾನಾಗಿಯೇ ಹೇಳಿದ. "ಆವತ್ತು ನಮ್ಮವ್ವ ನನ್ನ ಕಡಿ ಬೆನ್ನು ಮಾಡಿ ಮಕ್ಕೊಂಡಿದ್ಲು. ನನ್ನ ತಮ್ಮ ಹಾಲು ಕುಡೀತಿದ್ದ. ಈ ಕಡಿ ಹೊಳ್ಳಬೇ ಅಂತ ಎಷ್ಟು ಕರದ್ರೂ ಹೊಳ್ಳಲಿಲ್ಲ. ಸಿಟ್ಟಿಗೆ ಮ್ಯಾಲ ನೋಡ್ಕೋತ ಬಿದ್ದಿದ್ದೆ."

ಆ ಚಾವಣಿಯ ಕಥೆಯನ್ನು ಅವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ, ಇದೊಂದು ಮಾತು ಮಾತ್ರ ಎಂದೂ ಬಂದಿರಲಿಲ್ಲ.

ಆಪರೇಷನ್ ಆಯಿತು, ಒಂದು ಕಣ್ಣು ದಕ್ಕಿತು. ದಪ್ಪ ಕನ್ನಡಕ ಹಾಕಿಕೊಂಡು ನೀರಮಾನ್ವಿಗೆ ಹೋದಾಗ ಅಪ್ಪ ಮೊದಲು ಎಲ್ಲಮ್ಮನಿಗೆ ಕೈ ಮುಗಿದ. ಅವ್ವ ಬೆರಗಾಗಿ ನನ್ನ ಮುಖ ನೋಡಿದಳು. ಊಟಕ್ಕೆ ಕುಳಿತಾಗ ಮಾವ ಹಳೆಯ ರಾಗ ತೆಗೆದ. "ಸಿಕ್ಕಳೇನ್ರೀ ಬೆನ್ನಿನಾಕಿ?"

"ಸಿಕ್ಕಳು."

"ಹೌದಾ? ಯಾಕ ಬೆನ್ನು ತಿರುಗಿಸ್ಯಾಳಂತ?"

"ಆಕಿಗಿ ಕೆಲಸಿತ್ತಪ್ಪಾ" ಎಂದ ಅಪ್ಪ. ಅವನು ಇನ್ನೂ ಏನಾದರೂ ಹೇಳಿಯಾನೆಂದು ಮಾವ ಕಾದ. ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.