ಮಲಂಗಸಾಬ ಮರೆತ ಮಾತು

ಎತ್ತಿನ ಲೆಕ್ಕದಲ್ಲಿ ಅಳೆದರೆ ಮಲಂಗಸಾಬನ ಹಲ್ಲು ಸವೆದಿವೆ, ಕಾಲು ಗಟ್ಟಿ, ಸುಳಿದೋಷವಿಲ್ಲ. ಒಂದೇ ಊನ: ಕುಂಟುವ ಎತ್ತನ್ನು ಕುಂಟುತ್ತದೆ ಎಂದು ಹೇಳಿಯೇ ಮಾರಿಸುತ್ತಿದ್ದ. ದಲ್ಲಾಳಿಗೆ ಇದಕ್ಕಿಂತ ಕೆಟ್ಟ ಚಟವಿಲ್ಲ. ಆದರೂ ಗದಗ ಬೇರೆ ಜಿಲ್ಲೆಯಾಗುವ ಮುಂಚಿನಿಂದ ಮುಂಡರಗಿಯ ದನದ ಸಂತೆಯಲ್ಲಿ ಬಾಳಿದವನು.

ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತುತ್ತೇವೆ. ಬೆರಳು ಒಪ್ಪಿದರೆ ಮುಗಿಯಿತು; ಸಾಕ್ಷಿಯಿಲ್ಲ, ತಿರುಗಿ ಮಾತಿಲ್ಲ. ಕಳೆದ ವರ್ಷ ಮಲಂಗಸಾಬ ಹಿರೇವಡ್ಡಟ್ಟಿ ಊರಿನ ಎತ್ತಿನ ಜೋಡಿಯೊಂದನ್ನು ಬೆಳಿಗ್ಗೆ ಲಕ್ಕಪ್ಪನೆಂಬ ರೈತನಿಗೆ ಒಪ್ಪಿಸಿದ. ಮಧ್ಯಾಹ್ನ ಅದೇ ಜೋಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿಬಿಟ್ಟ. ಲಕ್ಕಪ್ಪ ಜಗಳಕ್ಕೆ ಬಂದರೆ, "ಮುಂಜಾನಿ ನಿನ್ನ ಕೈ ನಾ ಹಿಡದೇ ಇಲ್ಲಲೇ" ಎಂದ. ಅಷ್ಟೇ ಸಾಕಾಯಿತು. ಬತ್ತಿದ ಎಮ್ಮೆಯನ್ನು ಕೊಡ ತುಂಬ ಹಾಲು ಕೊಡುತ್ತದೆ ಎಂದು ಮಾರಿ ಉಂಡವರೆಲ್ಲ ಅವನನ್ನು ಮೋಸಗಾರ ಎಂದರು. ಆ ಬಾಯಿಗಳಿಗೆ ನಾಚಿಕೆಯಾದರೂ ಬೇಡವೇ?

ಹೆಂಡತಿ ಮೆಹಬೂಬಿ ಅವನನ್ನು ಗದಗಿನ ಡಾಕ್ಟರ ಬಳಿ ಎಳೆದೊಯ್ದಳು. ಎದೆಬಡಿತ ತಾಳ ತಪ್ಪಿದೆ ಎಂದು ಹಿಂದೆ ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟವರು ಅವರೇ.

"ಗುಳಿಗಿ ಯಾಕ ಬಿಟ್ರಿ ಕಾಕಾ?"

"ರಕ್ತ ತೆಳ್ಳಗಾದ ಎತ್ತು ನೇಗಿಲ ಎಳೀತೈತೇನ್ರಿ ಸಾಹೇಬ್ರ?"

"ನೀವು ಎತ್ತಲ್ಲ. ಬಡಿತ ಹಿಂಗ ಅಡ್ಡಾದಿಡ್ಡಿ ಇದ್ರ ರಕ್ತ ಗಟ್ಟಿಯಾಗಿ ಮೆದುಳಿಗೆ ಹೋಗಬಹುದು. ಲಕ್ವಾ ಅಷ್ಟ ಅಲ್ಲ, ಮರೆವಿನ ರೋಗದ ಭಯಾನೂ ಹೆಚ್ಚು. ಎಲ್ಲಾರಿಗೂ ಬರತೈತಿ ಅಂತಲ್ಲ. ನಿಮಗ ಶುರುವಾದಂಗ ಕಾಣತೈತಿ. ಇನ್ನ ಗುಳಿಗಿ ಬಿಡಬ್ಯಾಡ್ರಿ. ಹೋದ ನೆನಪು ತಂದುಕೊಡ್ತೀನಿ ಅಂತ ಮಾತ್ರ ನಾ ಹೇಳಂಗಿಲ್ಲ."

ಮುಂದಿನ ಸಂತೆಯಲ್ಲಿ ಮೆಹಬೂಬಿ ಇದನ್ನು ಹಿರಿಯ ದಲ್ಲಾಳಿ ಕುಬೇರಪ್ಪನಿಗೆ ತಿಳಿಸಿದಳು. ಅವನು ನಕ್ಕ. "ಆ ರೋಗ ನನಗೂ ಕೊಡಸು ತಂಗಿ. ಕೊಟ್ಟ ಮಾತು ಮರ್ಯಾಕ ಬರತೈತಿ."

"ನಿಮಗ್ಯಾಕ್ರೀ ಅಣ್ಣಾರ? ನೀವು ರೋಗ ಇಲ್ಲದನ ಮರೀತೀರಿ."

ಸುತ್ತಲಿನವರು ಗೊಳ್ಳೆಂದರು. ನಗುವುದಕ್ಕೇನು, ಪುಕ್ಕಟೆ. ಆದರೆ ಆ ದಿನ ಮಲಂಗಸಾಬನ ಟವೆಲ್ಲಿನ ಕೆಳಗೆ ಒಬ್ಬನೂ ಕೈ ಹಾಕಲಿಲ್ಲ.

ಈಗ ಅವನು ತಪ್ಪದೆ ಗುಳಿಗೆ ನುಂಗುತ್ತಾನೆ, ಸಂತೆಗೆ ಬರುವುದಿಲ್ಲ. ಅವನ ಕೆಟ್ಟ ಹೆಸರು ಮಾತ್ರ ವಾರವಾರವೂ ಬರುತ್ತದೆ. ಎತ್ತು ನೋಡುವುದನ್ನು ನನಗೆ ಕಲಿಸಿದವನು ಅವನು. ಮಲಂಗಸಾಬ ಮೋಸ ಮಾಡಲಿಲ್ಲ, ಅವನಿಗೆ ಕಾಯಿಲೆಯಾಗಿತ್ತು ಎಂದು ಆ ಸಂತೆಯಲ್ಲೇ ನಿಂತು ಹೇಳುವುದು ನನ್ನ ಮೇಲಿರುವ ಋಣ.